201 ಅಂಕಿಯ ಸಂಖ್ಯೆ ಮತ್ತು ನಮ್ಮ ರ್ಯಾಪಿಡ್ ಫೈರ್ ಸುತ್ತು

ಡಿಸೆಂಬರ್ 22 ಹತ್ತಿರ ಬರುತ್ತಿದೆ. ಶ್ರೀನಿವಾಸ ರಾಮಾನುಜನ್ ಅವರ ಜನ್ಮದಿನವಾದ ಅಂದು ದೇಶದೆಲ್ಲೆಡೆ ರಾಷ್ಟ್ರೀಯ ಗಣಿತ ದಿನ ಆಚರಿಸುತ್ತಾರೆ. ನಮ್ಮ ಕಾಲೇಜಿನಲ್ಲೂ ಕ್ವಿಜ್ ಇರುತ್ತದೆ, ಕ್ವಿಜ್ ಎಂದರೆ ರ್ಯಾಪಿಡ್ ಫೈರ್ ಸುತ್ತು ಇದ್ದೇ ಇರುತ್ತದೆ. 48ರ ವರ್ಗ ಎಷ್ಟು, 1331ರ ಘನಮೂಲ ಎಷ್ಟು, 17ನ್ನು 19ರಿಂದ ಗುಣಿಸಿದರೆ ಎಷ್ಟು? ಉತ್ತರ ಕೊಡಲು ಐದು ಸೆಕೆಂಡ್. ಅತಿ ಹೆಚ್ಚು ಚಪ್ಪಾಳೆ ಬೀಳುವುದೂ ಆ ಸುತ್ತಿಗೇ. ಅದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಗಣಿತ ದಿನದ ದೊಡ್ಡ ಬಹುಮಾನ ಅದಕ್ಕೆ ಹೋಗಬಾರದು, ನಿಧಾನವಾಗಿ ಯೋಚಿಸುವವರಿಗಾಗಿ ಬೇರೊಂದು ಸುತ್ತು ಬೇಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಸಾಕ್ಷಿಯಾಗಿ ವೇಗಕ್ಕೇ ಹೆಸರಾದ ಒಂದು ಸಂಖ್ಯೆಯನ್ನು ತರುತ್ತೇನೆ.

1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಶಕುಂತಲಾ ದೇವಿ ಅವರ ಮುಂದೆ 201 ಅಂಕಿಗಳ ಒಂದು ಸಂಖ್ಯೆಯನ್ನು ಇಡಲಾಯಿತು. ಅದರ 23ನೇ ಮೂಲವನ್ನು ಹೇಳಬೇಕಿತ್ತು, ಅಂದರೆ ಯಾವ ಸಂಖ್ಯೆಯನ್ನು 23 ಬಾರಿ ಬರೆದು ಗುಣಿಸಿದರೆ ಆ ದೊಡ್ಡ ಸಂಖ್ಯೆ ಬರುತ್ತದೋ ಅದನ್ನು. 50 ಸೆಕೆಂಡಿನಲ್ಲಿ ಅವರು ಉತ್ತರ ಹೇಳಿದರು: 546372891. ಯೂನಿವ್ಯಾಕ್ ಕಂಪ್ಯೂಟರಿಗೆ ವಿಶೇಷ ಪ್ರೋಗ್ರಾಮ್ ಬರೆದು ಆ ಉತ್ತರವನ್ನು ಪರೀಕ್ಷಿಸಬೇಕಾಯಿತು, ಅದಕ್ಕೆ ಅವರಿಗಿಂತ ಹೆಚ್ಚು ಸಮಯ ಹಿಡಿಯಿತು. ಶಕುಂತಲಾ ದೇವಿ ನಮ್ಮ ಬೆಂಗಳೂರಿನವರು. 1929ರ ನವೆಂಬರ್ 4ರಂದು ಇಲ್ಲೇ ಹುಟ್ಟಿದರು, 2013ರ ಏಪ್ರಿಲ್‌ನಲ್ಲಿ ಇಲ್ಲೇ ತೀರಿಕೊಂಡರು. ತಂದೆ ಸರ್ಕಸ್‌ನಲ್ಲಿ ಕೆಲಸ ಮಾಡುತ್ತಿದ್ದವರು. ಮಗಳಿಗೆ ಕ್ರಮಬದ್ಧವಾದ ಶಾಲಾ ಶಿಕ್ಷಣ ಸಿಗಲಿಲ್ಲ.

ಈ ಕಥೆಯನ್ನು ನಾವು ಹೇಳುವಾಗಲೆಲ್ಲ ಆ 50 ಸೆಕೆಂಡನ್ನು ಹೇಳುತ್ತೇವೆ. ಆ ಸಂಖ್ಯೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. 201 ಅಂಕಿ ಎಂದ ಕೂಡಲೇ ‘ಅದು ನಮ್ಮ ಕೈಗೆ ಸಿಗುವಂಥದ್ದಲ್ಲ’ ಎಂದು ಬಿಟ್ಟುಬಿಡುತ್ತೇವೆ. ನಿಜವಾಗಿ ಸಿಗುವುದಿಲ್ಲವೇ? ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಆ ದೊಡ್ಡ ಸಂಖ್ಯೆಯನ್ನು ಒಮ್ಮೆಯೂ ಪೂರ್ತಿ ಬರೆಯದೆ, ಅದರ ಬಗ್ಗೆ ಏನೇನು ತಿಳಿಯಬಹುದು ನೋಡೋಣ.

ಮೊದಲನೆಯದು, ಮೂಲದಲ್ಲಿ ಎಷ್ಟು ಅಂಕಿ ಇರಬೇಕು? 201ನ್ನು 23ರಿಂದ ಭಾಗಿಸಿದರೆ ಎಂಟಕ್ಕಿಂತ ಹೆಚ್ಚು, ಒಂಬತ್ತಕ್ಕಿಂತ ಕಡಿಮೆ ಬರುತ್ತದೆ. ಎಂಟು ಅಂಕಿಯ ಯಾವ ಸಂಖ್ಯೆಯ 23ನೇ ಘಾತವೂ 184 ಅಂಕಿಗಳನ್ನು ದಾಟುವುದಿಲ್ಲ. ಹತ್ತು ಅಂಕಿಯ ಸಂಖ್ಯೆಯದು 208 ಅಂಕಿಗಳಿಗಿಂತ ಕಡಿಮೆ ಇರುವುದಿಲ್ಲ. ಹಾಗಾಗಿ ಉತ್ತರದಲ್ಲಿ ಒಂಬತ್ತು ಅಂಕಿ ಇರಲೇಬೇಕು. ಇಷ್ಟಕ್ಕೆ ಬೇಕಾದದ್ದು ಒಂದು ಭಾಗಾಕಾರ ಮಾತ್ರ.

ಎರಡನೆಯದು, ಕೊನೆಯ ಅಂಕಿ. 0ಯಿಂದ 9ರವರೆಗಿನ ಅಂಕಿಗಳನ್ನು 23ನೇ ಘಾತಕ್ಕೆ ಏರಿಸಿದರೆ ಬಿಡಿ ಸ್ಥಾನದಲ್ಲಿ ಕ್ರಮವಾಗಿ 0, 1, 8, 7, 4, 5, 6, 3, 2, 9 ಬರುತ್ತವೆ. ಒಂದೂ ಎರಡು ಸಲ ಬರುವುದಿಲ್ಲ ಎಂಬುದನ್ನು ಗಮನಿಸಿ. ಅಂದರೆ ದೊಡ್ಡ ಸಂಖ್ಯೆಯ ಕೊನೆಯ ಅಂಕಿ ನೋಡಿದರೆ ಮೂಲದ ಕೊನೆಯ ಅಂಕಿ ತಾನಾಗಿ ಗೊತ್ತಾಗುತ್ತದೆ. ಡಲ್ಲಾಸ್‌ನ ಸಂಖ್ಯೆ 1ರಲ್ಲಿ ಕೊನೆಯಾಗುತ್ತದೆ, ಉತ್ತರವೂ 1ರಲ್ಲೇ ಕೊನೆಯಾಗುತ್ತದೆ.

ಕೊನೆಯ ಎರಡು ಅಂಕಿ ಬೇಕೇ? ಪ್ರಥಮ ಪಿಯುಸಿಯ ದ್ವಿಪದ ಪ್ರಮೇಯ ಸಾಕು. 546372891ರ ಕೊನೆಯ ಎರಡು ಅಂಕಿ 91. ಅದನ್ನು 1 + 90 ಎಂದು ಬರೆದು 23ನೇ ಘಾತಕ್ಕೆ ವಿಸ್ತರಿಸಿ. ಮೊದಲ ಪದ 1, ಎರಡನೆಯ ಪದ 23 × 90 = 2070. ಮೂರನೆಯ ಪದದಿಂದ ಮುಂದಕ್ಕೆ ಎಲ್ಲದರಲ್ಲೂ 90ರ ವರ್ಗ, ಅಂದರೆ 8100 ಇದೆ. ಅವೆಲ್ಲ ನೂರರಿಂದ ಭಾಗವಾಗುವಂಥವು, ಕೊನೆಯ ಎರಡು ಅಂಕಿಗಳನ್ನು ಮುಟ್ಟುವುದಿಲ್ಲ. 1 + 2070 = 2071. ಆದ್ದರಿಂದ 201 ಅಂಕಿಯ ಆ ಸಂಖ್ಯೆ 71ರಲ್ಲಿ ಕೊನೆಯಾಗುತ್ತದೆ. ಲಾಗರಿದಮ್ ಬಳಸಿದರೆ ಅದು 9167ರಿಂದ ಶುರುವಾಗುತ್ತದೆ ಎಂಬುದೂ ಸಿಗುತ್ತದೆ. ತಲೆಯೂ ಬಾಲವೂ ಕೈಗೆ ಬಂತು.

ಇನ್ನು ಒಳಗೆ ಹೋಗೋಣ. 546372891ರಲ್ಲಿ 1ರಿಂದ 9ರವರೆಗಿನ ಪ್ರತಿ ಅಂಕಿಯೂ ಒಂದೊಂದೇ ಸಲ ಬಂದಿದೆ. ಮೊತ್ತ 45. ಹಾಗಾಗಿ ಅದು 9ರಿಂದ ಭಾಗವಾಗುತ್ತದೆ, ಭಾಗಿಸಿದರೆ 60708099. ಇದರ ಅಂಕಿಗಳ ಮೊತ್ತ 39, ಮತ್ತೊಮ್ಮೆ 3ರಿಂದ ಭಾಗಿಸಬಹುದು: 20236033. ಇದರ ಮೊತ್ತ 19, ಇನ್ನು 3 ಹೋಗುವುದಿಲ್ಲ. ಅಂದರೆ ಮೂಲದಲ್ಲಿ 3 ಎಂಬ ಅಪವರ್ತನ ಸರಿಯಾಗಿ ಮೂರು ಸಲ ಇದೆ. 23ನೇ ಘಾತದಲ್ಲಿ 3 × 23 = 69 ಸಲ ಇರಬೇಕು. 201 ಅಂಕಿಯ ಸಂಖ್ಯೆಯನ್ನು ಮೂರರಿಂದ ಸರಿಯಾಗಿ 69 ಸಲ ಭಾಗಿಸಬಹುದು, 70ನೇ ಸಲ ಆಗುವುದಿಲ್ಲ. ಆ ಸಂಖ್ಯೆಯನ್ನು ಕಣ್ಣಿಂದ ನೋಡದೆಯೇ ಇದನ್ನು ಖಚಿತವಾಗಿ ಹೇಳಬಹುದು.

7 ಮತ್ತು 13ರ ವಿಷಯ ಇನ್ನೂ ಸೊಗಸು. 7 × 11 × 13 = 1001. ಇದರಿಂದ ಒಂದು ಉಪಾಯ ಹುಟ್ಟುತ್ತದೆ. ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿಸಿ, ಮುಂದಿನದನ್ನು ಕಳೆದು, ಅದರ ಮುಂದಿನದನ್ನು ಕೂಡಿಸಿ. ಉಳಿದದ್ದನ್ನು 7, 11 ಅಥವಾ 13ರಿಂದ ಭಾಗಿಸಿದರೆ ಬರುವ ಶೇಷವೇ ಮೂಲ ಸಂಖ್ಯೆಯ ಶೇಷ. 891 − 372 + 546 = 1065. ಇದನ್ನು 7ರಿಂದ ಭಾಗಿಸಿದರೆ ಶೇಷ 1. ಶೇಷ 1 ಇರುವ ಸಂಖ್ಯೆಯನ್ನು ಎಷ್ಟು ಸಲ ಗುಣಿಸಿದರೂ ಶೇಷ 1ಕ್ಕೇ ಬಂದು ನಿಲ್ಲುತ್ತದೆ. 13ರ ವಿಷಯಕ್ಕೆ ಬಂದರೆ, 13 × 82 = 1066. ನಮ್ಮ 1065 ಅದಕ್ಕಿಂತ ಒಂದು ಕಡಿಮೆ, ಅಂದರೆ ಶೇಷವನ್ನು −1 ಎಂದು ಎಣಿಸಬಹುದು. −1ರ 23ನೇ ಘಾತ −1. ಹಾಗಾಗಿ ಆ 201 ಅಂಕಿಯ ಸಂಖ್ಯೆಯಿಂದ 1 ಕಳೆದರೆ ಅದು 7ರಿಂದ ಭಾಗವಾಗುತ್ತದೆ, 1 ಕೂಡಿಸಿದರೆ 13ರಿಂದ ಭಾಗವಾಗುತ್ತದೆ.

ಇದಿಷ್ಟನ್ನೂ ಮಾಡಲು 50 ಸೆಕೆಂಡ್ ಸಾಕಾಗಲಿಲ್ಲ, ನನಗೆ ಒಂದು ಭಾನುವಾರದ ಅರ್ಧ ದಿನ ಬೇಕಾಯಿತು. ಆದರೆ ನಮ್ಮಲ್ಲಿ ಯಾರೇ ಕೂತರೂ ಮಾಡಬಹುದು. ಇದರಿಂದ ಶಕುಂತಲಾ ದೇವಿ ಅವರ ಸಾಧನೆ ಚಿಕ್ಕದಾಗುವುದಿಲ್ಲ. ಅದೇ 1977ರಲ್ಲಿ ಬಂದ ಅವರ ‘ಫಿಗರಿಂಗ್’ ಎಂಬ ಪುಸ್ತಕದ ಉಪಶೀರ್ಷಿಕೆಯಲ್ಲಿ ಇರುವುದು ವೇಗದ ಮಾತಲ್ಲ, ಸಂಖ್ಯೆಗಳು ಕೊಡುವ ಆನಂದದ ಮಾತು. ನಾವು ಅವರಿಂದ ಸ್ಟಾಪ್‌ವಾಚ್ ಒಂದನ್ನೇ ತೆಗೆದುಕೊಂಡು ಆನಂದವನ್ನು ಬಿಟ್ಟಿದ್ದೇವೆ.

ಸಂಖ್ಯೆಯನ್ನು ಹೀಗೆ ಮುಟ್ಟಿ ನೋಡುವ ಅಭ್ಯಾಸ ಕರ್ನಾಟಕಕ್ಕೆ ಹೊಸದಲ್ಲ. ಕ್ರಿ.ಶ. 850ರ ಹೊತ್ತಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ನೃಪತುಂಗನ ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಈ ಗ್ರಂಥದ ಗುಣಾಕಾರದ ಭಾಗದಲ್ಲಿ ಕೆಲವು ವಿಶೇಷ ಲೆಕ್ಕಗಳಿವೆ. ಎರಡು ಸಾಧಾರಣ ಸಂಖ್ಯೆಗಳನ್ನು ಗುಣಿಸಿದರೆ ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಕಾಣುವ ಸಂಖ್ಯೆ ಬರುತ್ತದೆ. 139 × 109 = 15151. 12345679 × 9 = 111111111. 152207 × 73 = 11111111. 142857143 × 7 = 1000000001. ಎಲ್ಲಕ್ಕಿಂತ ಚೆಂದದ್ದು ಇದು: 27994681 × 441 = 12345654321.

ಕೊನೆಯದನ್ನು ಸ್ವಲ್ಪ ಬಿಡಿಸಿ ನೋಡಿ. 12345654321 ಎಂದರೆ 111111ರ ವರ್ಗ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಇವುಗಳಲ್ಲಿ 3 ಮತ್ತು 7ನ್ನು ಒಂದು ಕಡೆ ಇಟ್ಟರೆ 21, ಅದರ ವರ್ಗ 441. ಉಳಿದ 11, 13, 37ನ್ನು ಗುಣಿಸಿದರೆ 5291, ಅದರ ವರ್ಗ 27994681. ಹಾರದ ಮಣಿಗಳನ್ನು ಬಿಚ್ಚಿ ಎರಡು ಗುಂಪು ಮಾಡಿದಂತೆ. ಸುಮ್ಮನೆ ಗುಣಿಸುತ್ತಾ ಹೋದವರಿಗೆ ಇಂಥ ಜೋಡಿ ಆಕಸ್ಮಿಕವಾಗಿ ಸಿಗುವುದು ಕಷ್ಟ. ಸಂಖ್ಯೆಯ ಒಳಗಟ್ಟನ್ನು ಕಂಡವರಿಗೆ ಸಿಗುತ್ತದೆ. ಸಾವಿರದ ನೂರು ವರ್ಷಗಳಿಗೂ ಹಿಂದಿನ ಈ ಲೆಕ್ಕದಲ್ಲೂ, 1977ರ ಡಲ್ಲಾಸ್‌ನ ಸಂಖ್ಯೆಯನ್ನು ನಾವು ಪರೀಕ್ಷಿಸಿದ ರೀತಿಯಲ್ಲೂ ಅದೇ 7, 11, 13 ಕೆಲಸ ಮಾಡುತ್ತಿವೆ.

ಮಹಾವೀರಾಚಾರ್ಯರು ಬರೆಯುತ್ತಿದ್ದ ಶತಮಾನದಲ್ಲೇ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ಅರಬ್ಬಿಯಲ್ಲಿ ಬರೆದಿದ್ದರು. ಇಂದು ಕಂಪ್ಯೂಟರ್ ಸೈನ್ಸ್ ಪಾಠದಲ್ಲಿ ಬರುವ ‘ಅಲ್ಗಾರಿದಮ್’ ಅವರ ಹೆಸರಿನಿಂದ ಬಂದ ಪದ. ನಮ್ಮಲ್ಲಿ ಹಲವರ ಮನೆಯಲ್ಲಿ ಸೊನ್ನೆಗೆ ‘ಸಿಫರ್’ ಎನ್ನುತ್ತಾರೆ. ಅರಬ್ಬಿಯಲ್ಲಿ ಆ ಪದದ ಅರ್ಥ ಖಾಲಿ, ಸಂಸ್ಕೃತದ ‘ಶೂನ್ಯ’ದ ಅರ್ಥವೂ ಅದೇ. ಕ್ರಿ.ಶ. 851ರ ಒಂದು ಅರಬ್ಬಿ ಪ್ರವಾಸ ವೃತ್ತಾಂತ ರಾಷ್ಟ್ರಕೂಟ ದೊರೆಯನ್ನು ‘ಬಲ್ಹರಾ’ ಎಂದು ಕರೆದು ಜಗತ್ತಿನ ನಾಲ್ವರು ದೊಡ್ಡ ರಾಜರಲ್ಲಿ ಒಬ್ಬನೆಂದು ಎಣಿಸುತ್ತದೆ. ಸರಕಿನ ಜೊತೆಗೆ ಅಂಕಿಗಳೂ ಸಮುದ್ರ ದಾಟಿದ ಕಾಲ ಅದು. ಆದ್ದರಿಂದ ‘ಗಣಿತ ನಮ್ಮವರದ್ದಲ್ಲ, ಬುದ್ಧಿವಂತರದ್ದು’ ಎಂದು ಯಾರಾದರೂ ಹೇಳಿದರೆ, ನಾವು ಮಳಖೇಡವನ್ನೂ ತೋರಿಸಬಹುದು, ಬಾಗ್ದಾದನ್ನೂ ತೋರಿಸಬಹುದು.

ದೊಡ್ಡದಾಗಿರುವುದು ಮತ್ತು ಕಷ್ಟವಾಗಿರುವುದು ಒಂದೇ ಅಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಆರ್‌ಎಸ್‌ಎ-200 ಎಂಬ ಹೆಸರಿನ ಸಂಖ್ಯೆಗೆ 200 ಅಂಕಿಗಳಿವೆ, ಡಲ್ಲಾಸ್‌ನ ಸಂಖ್ಯೆಗಿಂತ ಒಂದು ಕಡಿಮೆ. ಅದು ತಲಾ 100 ಅಂಕಿಗಳ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಆ ಎರಡನ್ನು ಕಂಡುಹಿಡಿಯಿರಿ ಎಂಬ ಸವಾಲು ಬಗೆಹರಿದದ್ದು 2005ರ ಮೇ ತಿಂಗಳಲ್ಲಿ, ಜರ್ಮನಿಯ ತಂಡವೊಂದರಿಂದ. ಹಲವು ಕಂಪ್ಯೂಟರುಗಳು ಸೇರಿ ಮಾಡಿದ ಆ ಕೆಲಸವನ್ನು ಆಗಿನ ಒಂದೇ ಕಂಪ್ಯೂಟರ್ ಮಾಡಿದ್ದರೆ ಸುಮಾರು 75 ವರ್ಷ ಹಿಡಿಯುತ್ತಿತ್ತು. ಅಂಕಿಗಳ ಲೆಕ್ಕದಲ್ಲಿ ಎರಡೂ ಸರಿಸುಮಾರು ಒಂದೇ ಉದ್ದ. ಒಂದರ ಒಳಗೆ 23 ಸಲ ಮರಳಿ ಬರುವ ಕ್ರಮವಿದೆ, ಅದಕ್ಕೇ ಬೇಗ ತೆರೆದುಕೊಂಡಿತು. ಇನ್ನೊಂದರಲ್ಲಿ ಹಿಡಿಯಲು ಅಂಥ ಎಳೆ ಇಲ್ಲ. ಇಂಟರ್‌ನೆಟ್‌ನಲ್ಲಿ ಹಣ ಮತ್ತು ಪಾಸ್‌ವರ್ಡ್ ಕಾಯುವ ಆರ್‌ಎಸ್‌ಎ ಪದ್ಧತಿ ನಿಂತಿರುವುದು ಈ ಎರಡನೆಯ ಬಗೆಯ, ಇನ್ನೂ ದೊಡ್ಡ ಸಂಖ್ಯೆಗಳ ಮೇಲೆ. ಇಂಥಲ್ಲಿ ಐದು ಸೆಕೆಂಡಿನ ಉತ್ತರ ಯಾರ ಕೆಲಸಕ್ಕೂ ಬರುವುದಿಲ್ಲ. ಯಾವ ಸಂಖ್ಯೆಯಲ್ಲಿ ಎಳೆ ಇದೆ, ಯಾವುದರಲ್ಲಿ ಇಲ್ಲ ಎಂದು ಕೂತು ನೋಡುವವರು ಬೇಕು.

ನನ್ನ ಮಾತಿಗೆ ಒಂದು ಬಲವಾದ ಆಕ್ಷೇಪ ಇದೆ, ಅದನ್ನು ಮರೆಮಾಚುವುದಿಲ್ಲ. ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡ್. ಕ್ಯಾಲ್ಕುಲೇಟರ್ ಇಲ್ಲ. ‘ವೇಗ ಬೇಡ ಎನ್ನುವವರು ಸೀಟು ಕೊಡಿಸುತ್ತಾರಾ?’ ಎಂದು ಕೇಳುವುದು ನ್ಯಾಯವೇ. ಆದರೆ ಆ 80 ಸೆಕೆಂಡಿನಲ್ಲಿ ಗೆಲ್ಲುವವರು ಯಾರು ಎಂದು ನೋಡಿ. ನಾಲ್ಕು ಆಯ್ಕೆಗಳ ಕೊನೆಯ ಅಂಕಿ ನೋಡಿ ಎರಡನ್ನು ಹೊಡೆದುಹಾಕುವವರು, 9ರ ಶೇಷ ನೋಡಿ ಇನ್ನೊಂದನ್ನು ಬಿಡುವವರು. ಇದು ಕೈಯ ವೇಗ ಅಲ್ಲ, ಮೊದಲೇ ನಿಧಾನವಾಗಿ ಕಲಿತದ್ದರ ಫಲ. ಅರ್ಥವಾಗದೆ ಬಾಯಿಪಾಠ ಮಾಡಿದ ಶಾರ್ಟ್‌ಕಟ್, ಪ್ರಶ್ನೆಯ ರೂಪ ಸ್ವಲ್ಪ ಬದಲಾದರೆ ಕೈಕೊಡುತ್ತದೆ. 91ನ್ನು 1 + 90 ಎಂದು ಯಾಕೆ ಒಡೆದೆವು ಎಂದು ತಿಳಿದವರಿಗೆ 99 ಬಂದರೂ ಗೊತ್ತು, 101 ಬಂದರೂ ಗೊತ್ತು.

ಈ ಚರ್ಚೆ ಒಂದು ಕ್ವಿಜ್‌ಗಾಗಿ ಮಾತ್ರ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ‘ನನ್ನ ತಲೆ ಅಷ್ಟು ಬೇಗ ಓಡಲ್ಲ’ ಎಂದು ಗಣಿತ ಬಿಡುವವರು ನಮ್ಮ ನಡುವೆ ಇದ್ದಾರೆ. ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ಎಂದರೂ ಹಿಂಜರಿಯುವವರಿದ್ದಾರೆ. ಅದರಲ್ಲೂ ಹುಡುಗಿಯರಿಗೆ ಈ ಮಾತನ್ನು ಮನೆಯಲ್ಲೇ, ಪ್ರೀತಿಯಿಂದಲೇ ಹೇಳುತ್ತಾರೆ: ‘ಕಷ್ಟ ಯಾಕಮ್ಮಾ, ಸುಲಭದ್ದು ತಗೋ.’ ಗಣಿತ ಬಿಟ್ಟರೆ ಎಂಜಿನಿಯರಿಂಗ್ ಸೇರಿದಂತೆ ಎಷ್ಟೋ ಬಾಗಿಲು 16ನೇ ವಯಸ್ಸಿಗೇ ಮುಚ್ಚುತ್ತವೆ. ಅಷ್ಟು ದೊಡ್ಡ ತೀರ್ಮಾನಕ್ಕೆ ಐದು ಸೆಕೆಂಡಿನ ಅಳತೆಗೋಲು ಸಾಲದು.

ಇನ್ನೊಂದು ವಿಷಯ ಭಾಷೆಯದ್ದು. ನಮ್ಮಲ್ಲಿ ಕೆಲವರು ಉರ್ದು ಮಾಧ್ಯಮದಿಂದ, ಕೆಲವರು ಕನ್ನಡ ಮಾಧ್ಯಮದಿಂದ, ಕೆಲವರು ಇಂಗ್ಲಿಷ್ ಮಾಧ್ಯಮದಿಂದ ಬಂದವರು. ಕನ್ನಡದಲ್ಲಿ ಎಪ್ಪತ್ತೊಂಬತ್ತು ಎಂದರೆ ಎಪ್ಪತ್ತು ಮತ್ತು ಒಂಬತ್ತು. ಉರ್ದುವಿನ ‘ಉನ್ನಾಸಿ’ಯ ಅರ್ಥ ಎಂಬತ್ತಕ್ಕೆ ಒಂದು ಕಡಿಮೆ. ಕ್ವಿಜ್ ಮಾಸ್ಟರ್ ಇಂಗ್ಲಿಷ್‌ನಲ್ಲಿ ಕೇಳುತ್ತಾರೆ. ಮನಸ್ಸಿನಲ್ಲಿ ಒಂದು ಭಾಷೆಯಲ್ಲಿ ಎಣಿಸಿ ಇನ್ನೊಂದರಲ್ಲಿ ಹೇಳುವಷ್ಟರಲ್ಲಿ ಬಜರ್ ಬಾರಿಸಿರುತ್ತದೆ. ಆಗ ಸೋತದ್ದು ಗಣಿತವೋ ಅನುವಾದವೋ? ಕಾಗದದ ಮೇಲೆ, ಸಮಯ ಕೊಟ್ಟು ಕೇಳಿದರೆ ಈ ವ್ಯತ್ಯಾಸ ಅಳಿಯುತ್ತದೆ. ಅಂಕಿಗಳು ಮೂರೂ ಮಾಧ್ಯಮದವರಿಗೆ ಒಂದೇ ರೀತಿ ಕಾಣುತ್ತವೆ.

ಶ್ರೀಗಂಧದ ಕಾವಲ್, ಸುಂಕದಕಟ್ಟೆ, ಹೆಗ್ಗನಹಳ್ಳಿ ಕಡೆಯ ಮನೆಗಳಿಂದ ಬರುವ ನಮಗೆ ಸರಿಯಾದ ಕೆಲಸ ಎಂದರೇನು ಎಂದು ಹೊರಗಿನವರು ಹೇಳಿಕೊಡಬೇಕಿಲ್ಲ. ಲೇತ್ ಮೇಲೆ ಕೆಲಸ ಮಾಡುವವರು ವರ್ನಿಯರ್ ಹಿಡಿದು ಅಳೆದು, ಇನ್ನೊಮ್ಮೆ ಅಳೆಯುತ್ತಾರೆ. ಟೈಲರ್‌ಗಳು ಕತ್ತರಿ ಹಾಕುವ ಮುನ್ನ ಟೇಪನ್ನು ಎರಡು ಸಲ ಇಡುತ್ತಾರೆ. ಅಂಗಡಿಯವರು ಚೀಟಿಯನ್ನು ಮೇಲಿಂದ ಕೆಳಕ್ಕೆ ಕೂಡಿ, ಕೆಳಗಿಂದ ಮೇಲಕ್ಕೆ ಮತ್ತೆ ಕೂಡುತ್ತಾರೆ. ಬೇಗ ಮಾಡುವುದೂ ಅವರಿಗೆ ಗೊತ್ತು, ತಾಳೆ ನೋಡುವುದೂ ಗೊತ್ತು. ನಮ್ಮ ಗಣಿತ ದಿನದಲ್ಲಿ ಮೊದಲನೆಯದಕ್ಕೆ ಮಾತ್ರ ಬಹುಮಾನ ಇದೆ.

ಆದ್ದರಿಂದ ಗಣಿತ ವಿಭಾಗಕ್ಕೂ ವಿದ್ಯಾರ್ಥಿ ಸಂಘಕ್ಕೂ ನನ್ನ ಸಲಹೆ ಇಷ್ಟು. ಡಿಸೆಂಬರ್ 15ರ ಸುಮಾರಿಗೆ ನೋಟಿಸ್ ಬೋರ್ಡ್‌ನಲ್ಲಿ ಒಂದು ದೊಡ್ಡ ಸಂಖ್ಯೆ ಹಾಕಿ. ಒಂದು ವಾರ ಅದು ಅಲ್ಲೇ ಇರಲಿ. ಯಾವ ವಿಭಾಗದವರಾದರೂ, ಒಬ್ಬರೇ ಅಥವಾ ಇಬ್ಬರು ಸೇರಿ, ಅದರ ಒಂದು ಗುಣವನ್ನು ಕಂಡುಹಿಡಿದು ‘ಯಾಕೆ’ ಎಂಬುದರ ಜೊತೆಗೆ ಒಂದು ಪುಟದಲ್ಲಿ ಬರೆದುಕೊಡಲಿ. ಕನ್ನಡ, ಉರ್ದು, ಇಂಗ್ಲಿಷ್ ಯಾವುದಾದರೂ ಸರಿ. ಅಂಕ ಕೊಡುವುದು ‘ಯಾಕೆ’ ಎಂಬುದಕ್ಕೆ. ಇದಕ್ಕೆ ಖರ್ಚು ಒಂದು ಹಾಳೆ ಮತ್ತು ನಾಲ್ಕು ಪಿನ್ನು.

ಮೊದಲ ವರ್ಷಕ್ಕೆ ಸಂಖ್ಯೆಯನ್ನೂ ನಾನೇ ಸೂಚಿಸುತ್ತೇನೆ. 1980ರ ಜೂನ್ 18ರಂದು ಲಂಡನ್‌ನ ಇಂಪೀರಿಯಲ್ ಕಾಲೇಜಿನಲ್ಲಿ ಶಕುಂತಲಾ ದೇವಿ ಅವರು 7686369774870 ಮತ್ತು 2465099745779 ಎಂಬ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಉತ್ತರ 18947668177995426462773730. ಇದು ಗಿನ್ನೆಸ್ ದಾಖಲೆಗೆ ಸೇರಿತು. 26 ಅಂಕಿಗಳ ಈ ಉತ್ತರವನ್ನು ಹಲವು ಫೋನುಗಳ ಕ್ಯಾಲ್ಕುಲೇಟರ್ ಪೂರ್ತಿ ತೋರಿಸುವುದೇ ಇಲ್ಲ. ಆದರೂ ತಾಳೆ ನೋಡಬಹುದು. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಅದನ್ನು 9ರಿಂದ ಭಾಗಿಸಿದರೆ ಶೇಷ 6. ಎರಡನೆಯದರ ಮೊತ್ತ 74, ಶೇಷ 2. 6 × 2 = 12, ಶೇಷ 3. ಉತ್ತರದ ಅಂಕಿಗಳ ಮೊತ್ತ 138, ಅದರ ಶೇಷವೂ 3. ತಾಳೆಯಾಯಿತು.

ಆದರೆ 9ರ ಪರೀಕ್ಷೆಗೆ ಒಂದು ಕುರುಡು ಇದೆ: ಬರೆಯುವಾಗ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ, ತಪ್ಪು ಸಿಕ್ಕುವುದಿಲ್ಲ. ಅದನ್ನು ಹಿಡಿಯಲು 11ರ ಪರೀಕ್ಷೆ ಬೇಕು. ಬಲಗಡೆಯಿಂದ ಒಂದು ಅಂಕಿ ಕೂಡಿಸಿ, ಮುಂದಿನದು ಕಳೆಯಿರಿ, ಕೊನೆಯವರೆಗೆ ಹೀಗೇ ಹೋಗಿ. ಕೊಟ್ಟ ಎರಡು ಸಂಖ್ಯೆಗಳಲ್ಲಿ ಒಂದಕ್ಕೆ ಒಂದು ವಿಶೇಷ ಫಲಿತಾಂಶ ಬರುತ್ತದೆ, ಅದರಿಂದ 26 ಅಂಕಿಯ ಉತ್ತರದ ಬಗ್ಗೆ ಒಂದು ಮಾತು ಖಚಿತವಾಗುತ್ತದೆ. ಯಾವ ಸಂಖ್ಯೆ, ಯಾವ ಮಾತು, ಮತ್ತು ಯಾಕೆ ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಪೆನ್ನು ತೆಗೆದುಕೊಳ್ಳಿ. ಸಮಯ ಎಷ್ಟಾದರೂ ಆಗಲಿ.

– ದ್ವಿತೀಯ ಪಿಯುಸಿ (ಪಿಸಿಎಂಬಿ) ವಿದ್ಯಾರ್ಥಿನಿ